ಮರಳಿನ ಕೆಳಗೊಂದು ನೆಲ

ಐರೋಲಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಐರೋಲಿಯ ಮಹಿಳಾ ಮಂಡಳದವರು ಮೊದಲು ಕೇಳುವುದು "ಏನೇನು ನೋಡಿದ್ರಿ?" ಎಂದು. ಜೋರ್ಡಾನಿನಲ್ಲಿ ಮೂರು ವಾರ ಇದ್ದು ಬಂದ ನಾನು "ಒಂದು ಪಾಳು ಚರ್ಚಿನ ನೆಲ" ಅಂದೆ. "ಮತ್ತೆ?" ಅಂದರು. "ಅದನ್ನೇ ಮೂರು ಸಲ" ಅಂದೆ. ಆಮೇಲೆ ಯಾರೂ ಕೇಳಲಿಲ್ಲ. ಮಾತು ಮುಲುಂಡ್ ಸೇತುವೆಯ ಟ್ರಾಫಿಕ್ಕಿನ ಕಡೆ ಹೊರಳಿತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋದದ್ದು ೨೦೧೦ರ ಫೆಬ್ರವರಿಯಲ್ಲಿ, ನಾನು ಮತ್ತು ನನ್ನ ಗಂಡ ಸದಾಶಿವ. ಇವರು ಉಡುಪಿಯ ಕಡೆಯವರು. ಊರಿನ ಉಳಿದವರ ಹಾಗೆ ಠಾಣೆಯ ಹೋಟೆಲೊಂದರ ಕೆಲಸಕ್ಕೆಂದೇ ಬಂದು, ಮೂರೇ ತಿಂಗಳಲ್ಲಿ ಅದನ್ನು ಬಿಟ್ಟು, ಎದುರು ಏಳುತ್ತಿದ್ದ ಕಟ್ಟಡದ ಟೆರೇಸ್ ಹತ್ತಿದವರು. ಅಲ್ಲಿ ಚೈನಾ ಮೊಸಾಯಿಕ್ ಕೆಲಸ ನಡೆಯುತ್ತಿತ್ತಂತೆ. ಒಡೆದ ಬಿಳಿ ಟೈಲ್ಸಿನ ಚೂರುಗಳನ್ನು ಸಿಮೆಂಟಿನಲ್ಲಿ ಒಂದರ ಪಕ್ಕ ಒಂದು ಕೂರಿಸುತ್ತಾ ಟೆರೇಸಿಗೆ ನೆಲ ಮಾಡುವುದು. ಮಳೆಗಾಲದ ನೀರು ಒಂದು ಹನಿಯೂ ನಿಲ್ಲದೆ ಪೈಪಿನ ಕಡೆ ಓಡಬೇಕು. ಆ ಇಳಿಜಾರಿಗೆ ಇವರು 'ವಾಟ' ಅನ್ನುತ್ತಾರೆ. ಡೊಂಬಿವಲಿ, ಕಲ್ಯಾಣ, ಕಳವಾ, ಆಮೇಲೆ ನವಿ ಮುಂಬೈ, ಹೀಗೆ ನಲವತ್ತು ವರ್ಷ ಮೊಣಕಾಲೂರಿ ಊರಿಗೆಲ್ಲ ವಾಟ ಕೊಟ್ಟರು.

ನಾನು ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ಗಂಡನ ಕೆಲಸದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೆ: ಸಂಜೆ ಅವರ ಪ್ಯಾಂಟಿನ ಮೊಣಕಾಲಿನಲ್ಲಿ ಸಿಮೆಂಟು ಇರುತ್ತದೆ, ಅದನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಬೇಕು. ಟೆರೇಸಿಗೆ ನಾನು ಹೋದದ್ದು ಹಪ್ಪಳ ಒಣಗಿಸಲಿಕ್ಕೆ.

ನಮ್ಮ ಡೊಂಬಿವಲಿಯ ಕಟ್ಟಡದ ಟೆರೇಸ್ ಇವರು ಸ್ವಂತ ಕೈಯಲ್ಲಿ, ಮೇಸ್ತ್ರಿಯಾದ ಮೇಲೆ ಮೊದಲು ಮಾಡಿದ್ದು. ೨೦೦೮ರಲ್ಲಿ ಕಟ್ಟಡ ರೀಡೆವಲಪ್ಮೆಂಟಿಗೆ ಹೋಯಿತು. ಒಡೆಯುವ ದಿನ ಇವರು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದರು. ಬಾಡಿಗೆಗೆ ಐರೋಲಿಗೆ ಬಂದೆವು. ಅದೇ ವರ್ಷ ಇವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಕಂಪವಾತ ಅಂದರು. ಕೈ ಜೇಬಿಗೆ ಹೋಯಿತು, ಮಾತು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಊಟಕ್ಕೆ ಕರೆದರೆ "ಬಂದೆ", ಹೊರಗೆ ಹೋಗೋಣವೇ ಅಂದರೆ "ಬೇಡ". ದಿನಕ್ಕೆ ಎಂಟು ಹತ್ತು ಶಬ್ದ. ಮೊದಮೊದಲು ನಾನು ರೇಗಿದೆ, ಆಮೇಲೆ ಲೆಕ್ಕವಿಲ್ಲದಷ್ಟು ನಾನೊಬ್ಬಳೇ ಮಾತಾಡಿದೆ, ಕೊನೆಗೆ ನನಗೂ ಸುಸ್ತಾಯಿತು. ಇಬ್ಬರೂ ಟಿವಿ ನೋಡುತ್ತಾ ಕೂರುತ್ತಿದ್ದೆವು.

ಮಗಳು ಶುಭಾ ಜೋರ್ಡಾನಿನ ಇರ್ಬಿದ್ ಪಟ್ಟಣದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಗುಣಮಟ್ಟ ನೋಡುವ ಕೆಲಸದಲ್ಲಿದ್ದಳು. ಫೋನಿನಲ್ಲಿ "ಅಮ್ಮಾ, ಪಪ್ಪಾಂನಾ ಇಕಡೇ ಘೇಊನ್ ಯೇ" ಅಂದಳು. ಅವರನ್ನು ಇಲ್ಲಿಗೆ ಕರೆದುಕೊಂಡು ಬಾ. ಪರರ ಮಕ್ಕಳಿಗೆ ಮೂವತ್ತು ವರ್ಷ ಕನ್ನಡ ಕಲಿಸಿದ ನನಗೆ ನನ್ನ ಮಗಳು ಉತ್ತರ ಕೊಡುವುದು ಮರಾಠಿಯಲ್ಲಿ.

ವಿಮಾನ ನಿಲ್ದಾಣ

ಮೊದಲ ಪೆಟ್ಟು ಬಿದ್ದದ್ದು ದೇಶ ಬಿಡುವ ಮೊದಲೇ. ಇಮಿಗ್ರೇಷನ್ ಕೌಂಟರಿನಲ್ಲಿ ತುಂಬಿದ ಕಾರ್ಡಿನ ಸಹಿಗೂ ಪಾಸ್‌ಪೋರ್ಟಿನ ಸಹಿಗೂ ತಾಳೆಯಾಗಲಿಲ್ಲ. ಎಳೆಯ ವಯಸ್ಸಿನ ಅಧಿಕಾರಿ ಇನ್ನೊಂದು ಕಾರ್ಡು ಕೊಟ್ಟ. ಇವರು ಮತ್ತೆ ಬರೆದರು. ಸಹಿ ಇರುವೆ ಸಾಲಿನ ಹಾಗೆ ಎತ್ತೆತ್ತಲೋ ಹೋಯಿತು. ಮೂರನೆಯ ಕಾರ್ಡು ಕೊಟ್ಟಾಗ ಹಿಂದಿನ ಸಾಲಿನವರೆಲ್ಲ ಇವರ ಕೈಯನ್ನೇ ನೋಡುತ್ತಿದ್ದರು. ಪಕ್ಕದ ಕೌಂಟರಿನ ಹಿರಿಯರೊಬ್ಬರು ಎದ್ದು ಬಂದು ಒಂದು ಕ್ಷಣ ನೋಡಿ, "ನಮ್ಮ ತಂದೆಗೂ ಇತ್ತು. ಹೋಗಿ ಬನ್ನಿ, ಕಾಕಾ" ಎಂದು ಮುದ್ರೆ ಒತ್ತಿಸಿದರು.

ವಿಮಾನ ಏರಿ ಬೆಲ್ಟು ಕಟ್ಟಿಕೊಂಡ ಮೇಲೆ ಇವರು ಅಂದರು, "ಇನ್ನು ಸಹಿ ಹಾಕ್ಲಿಕ್ಕೆ ಇರುವ ಕಡೆ ನನ್ನನ್ನು ಕರ್ಕೊಂಡು ಹೋಗ್ಬೇಡ." ಆ ವಾರದ ಅತಿ ಉದ್ದದ ಮಾತು ಅದು.

ಇರ್ಬಿದ್

ಮರುಭೂಮಿ ಎಂದುಕೊಂಡು ಹತ್ತಿ ಸೀರೆಗಳನ್ನು ತುಂಬಿಕೊಂಡು ಹೋದವಳು ನಾನು. ಇಳಿದರೆ ಮೂಳೆಗೆ ನಾಟುವ ಚಳಿ, ಮೇಲೆ ಮಳೆ. ಶುಭಾ ತನ್ನ ಕಾರ್ಖಾನೆಯ ಎರಡು ದಪ್ಪ ಜಾಕೆಟ್ ತಂದುಕೊಟ್ಟಳು. ಸೀರೆಯ ಮೇಲೆ ಗಂಡಸರ ಜಾಕೆಟ್ ಹಾಕಿಕೊಂಡು ತಿರುಗಿದೆ. ಅಳಿಯ ಆ ತಿಂಗಳು ಕೆಲಸದ ಮೇಲೆ ದೂರದ ಅಕಾಬಾ ಬಂದರಿನಲ್ಲಿದ್ದ. ಮನೆಯಲ್ಲಿ ನಾವು ಮೂವರೇ.

ಅಲ್ಲಿ ಯಾರೂ ರೊಟ್ಟಿಯನ್ನು ಕಸಕ್ಕೆ ಹಾಕುವುದಿಲ್ಲ. ಉಳಿದದ್ದನ್ನು ಬೇರೆ ಚೀಲದಲ್ಲಿ ಕಟ್ಟಿ ಗೇಟಿಗೆ ತೂಗುಹಾಕುತ್ತಾರೆ, ಕುರಿ ಸಾಕುವವರು ಒಯ್ಯುತ್ತಾರೆ. ಬೀದಿಯಲ್ಲಿ ಗಂಡಸರು ಗಂಡಸರ ಕೆನ್ನೆಗೆ ಮುತ್ತು ಕೊಡುತ್ತಾರೆ. ಏಳೂ ಹದಿನೈದರ ಸ್ಲೋ ಲೋಕಲ್ ರೈಲಿನಲ್ಲಿ ಇಪ್ಪತ್ತು ವರ್ಷ ಒಟ್ಟಿಗೆ ನೇತಾಡಿದವರೂ ನಮ್ಮಲ್ಲಿ ತಲೆಯಾಡಿಸಿದರೆ ಅದೇ ಹೆಚ್ಚು.

ಎರಡನೆಯ ದಿನ ಬೆಳಿಗ್ಗೆ ಇವರು ಕಿಟಕಿಯ ಬಳಿ ತುಂಬ ಹೊತ್ತು ನಿಂತಿದ್ದರು. ಕಾಣುತ್ತಿದ್ದದ್ದು ಬರೀ ಮನೆಗಳ ತಾರಸಿ: ನೀರಿನ ಟ್ಯಾಂಕು, ಡಿಶ್, ಮುಂದೆ ಮಗನಿಗೆ ಮಹಡಿ ಕಟ್ಟಲಿಕ್ಕೆಂದು ಮೇಲಕ್ಕೆ ಬಿಟ್ಟ ಕಬ್ಬಿಣದ ಸರಳುಗಳು. ತಾರಸಿಗಳ ಮೇಲೆ ಅಲ್ಲಲ್ಲಿ ನೀರು ನಿಂತಿತ್ತು. "ಒಂದಕ್ಕೂ ವಾಟ ಇಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಪರದೆ ಎಳೆದರು.

ಆ ಸಂಜೆ ಕೆಳಗಿನ ಮನೆಯ ಮಾಲೀಕರು ಕಾಫಿಗೆ ಕರೆದರು. ಏಲಕ್ಕಿ ಹಾಕಿದ ಕಹಿ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಎರಡು ಗುಟುಕು. ಮಾಲೀಕರು ಇವರ ಕೈಗೆ ಕೊಟ್ಟರು. ಇವರು ಬಾಯಿಗೆ ಒಯ್ಯುವ ಮೊದಲೇ ಕೈ ನಡುಗಿ ಬಟ್ಟಲು ಅಲುಗಿತು. ಮಾಲೀಕರು ತಲೆಬಾಗಿ ಬಟ್ಟಲು ವಾಪಸು ತೆಗೆದುಕೊಂಡರು! ನನಗೆ ಅರ್ಥವಾಗಲಿಲ್ಲ. ಎರಡನೆಯ ಸುತ್ತಿನಲ್ಲೂ ಹಾಗೇ ಆಯಿತು. ಶುಭಾ ಮುಖ ಕೆಂಪು ಮಾಡಿಕೊಂಡು ಅರಬ್ಬಿಯಲ್ಲಿ ಏನೋ ವಿವರಿಸಿದಳು. ಅಲ್ಲಿ ಕುಡಿದವರು ಬಟ್ಟಲನ್ನು ಅಲುಗಿಸಿದರೆ 'ಸಾಕು, ಇನ್ನು ಬೇಡ' ಎಂದು ಅರ್ಥವಂತೆ. ಅಲುಗಿಸದಿದ್ದರೆ ಸುರಿಯುತ್ತಲೇ ಇರುತ್ತಾರೆ. ವಿಷಯ ತಿಳಿದು ಮಾಲೀಕರು ಎದೆ ಮುಟ್ಟಿಕೊಂಡು ಕ್ಷಮೆ ಕೇಳಿದರು. ಅವರ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡರು. ಅದೇ ಇವರಿಗೆ ಹೆಚ್ಚು ನೋವಾದದ್ದು. ಮೇಲೆ ಬಂದು, ಕೈ ಜೇಬಿನಲ್ಲಿಟ್ಟು, ಮೂರು ದಿನ ಹೊಸ್ತಿಲು ದಾಟಲಿಲ್ಲ.

ಮೊದಲ ಶುಕ್ರವಾರ

ಅಲ್ಲಿ ರಜೆ ಶುಕ್ರವಾರ. ಶುಭಾ ಅಪ್ಪನನ್ನು ಹೆಚ್ಚುಕಡಿಮೆ ಎಳೆದುಕೊಂಡು ಕಾರಿಗೆ ಹತ್ತಿಸಿದಳು. "ಪಪ್ಪಾ, ಹಳೇ ಚರ್ಚ್ ಇದೆ. ನೆಲಕ್ಕೆಲ್ಲ ಮೊಸಾಯಿಕ್. ತುಮ್ಚಂ ಕಾಮ್!" ನಿಮ್ಮದೇ ಕೆಲಸ ಎಂದು.

ಅಜ್ಲೂನಿನ ಕಡೆ ಹೋಗುವ ಗುಡ್ಡದ ದಾರಿ. ಆಲಿವ್ ತೋಪುಗಳು, ನಡುನಡುವೆ ಎಲೆಯಿಲ್ಲದೆ ಬರೀ ಹೂ ಹೊತ್ತ ಬಾದಾಮಿ ಮರಗಳು. ಕಾರು ನಿಂತ ಕಡೆ ಒಂದು ತಂತಿಬೇಲಿ, ಒಂದು ತಗಡಿನ ಕೋಣೆ, ಒಂದು ಫಲಕ. ಕ್ರೈಸ್ತ ಧರ್ಮ ಈ ಸೀಮೆಯಲ್ಲಿ ಬೇರು ಬಿಟ್ಟ ಆರಂಭದ ಶತಮಾನಗಳಲ್ಲಿ ಕಟ್ಟಿದ ಬೆಸಿಲಿಕಾ ಎಂದು ಅದರಲ್ಲಿತ್ತು. ಬೆಸಿಲಿಕಾ ಅಂದರೆ ಎರಡು ಸಾಲು ಕಂಬಗಳಿರುವ ಉದ್ದನೆಯ ಪ್ರಾರ್ಥನಾ ಮಂದಿರ. ಈಗ ಸೂರಿಲ್ಲ, ಗೋಡೆ ಸೊಂಟದಷ್ಟೇ ಎತ್ತರ. ಕಂಬಗಳು ಮುರಿದ ಹಲ್ಲಿನ ಹಾಗೆ. ಪೂರ್ವದ ತುದಿಯಲ್ಲಿ ಪಾದ್ರಿ ನಿಲ್ಲುತ್ತಿದ್ದ ಅರ್ಧಚಂದ್ರದ ಗೋಡೆ. ಮುಂದುಗಡೆ ಚಪ್ಪಡಿ ಹಾಸಿದ ಅಂಗಳ. ಮತ್ತು ಮೊಸಾಯಿಕ್ ಇರಬೇಕಾದ ಕಡೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಮರಳು.

"ಇದನ್ನು ನೋಡ್ಲಿಕ್ಕಾ?" ಅಂದರು ಇವರು.

ಕಾವಲುಗಾರ ಕೋಣೆಯಿಂದ ಹೊರಬಂದ. ಅರವತ್ತರ ಆಸುಪಾಸಿನ, ಕೆಂಪು ಚೌಕಳಿಯ ರುಮಾಲಿನ ಮನುಷ್ಯ. ಚಳಿಗಾಲದ ಮಂಜಿಗೆ, ಮಳೆಗೆ ಮೊಸಾಯಿಕ್ಕಿನ ಕಲ್ಲಿನ ಹರಳುಗಳು ಏಳುತ್ತವೆ, ಅದಕ್ಕೆ ಬಟ್ಟೆ ಹಾಸಿ ಮರಳು ಮುಚ್ಚುತ್ತಾರೆ, ತೆಗೆಯುವುದು ಏಪ್ರಿಲಿನಲ್ಲಿ ಎಂದು ಶುಭಾಗೆ ಹೇಳಿದ. ಅವಳಿಗೆ ಅಳುವೇ ಬಂತು. ನನಗೆ ನಮ್ಮ ಡೊಂಬಿವಲಿ ಹತ್ತಿರದ ಅಂಬರನಾಥದ ಶಿವಾಲಯ ನೆನಪಾಯಿತು. ಅದೂ ಸಾವಿರ ವರ್ಷದ ಕಲ್ಲು, ಆದರೆ ಅಲ್ಲಿ ಗಂಟೆ ಬಾರಿಸುವವರ, ಬಿಲ್ವಪತ್ರೆ ಮಾರುವವರ ಗಲಾಟೆಯಲ್ಲಿ ಕಲ್ಲಿಗೆ ಮುಪ್ಪಾದದ್ದೇ ತಿಳಿಯುವುದಿಲ್ಲ. ಇಲ್ಲಿ ಪ್ರಾರ್ಥಿಸುವವರು ಹೋಗಿ ಎಷ್ಟು ಕಾಲವಾಯಿತೋ! ನೋಡಿಕೊಳ್ಳಲು ಒಬ್ಬ ಮುಸಲ್ಮಾನ ಕಾವಲುಗಾರ, ಅವನ ಕೈಯಲ್ಲೊಂದು ಪೊರಕೆ.

ಅವನ ಹೆಸರು ಅಬು ಯೂಸುಫ್, ಅಂದರೆ ಯೂಸುಫನ ಅಪ್ಪ. ಅಲ್ಲಿ ಹಿರಿಯರನ್ನು ಮಕ್ಕಳ ಹೆಸರಿನಿಂದಲೇ ಕರೆಯುವುದು. ಶುಭಾಳ ಹೆಸರು ಕೇಳಿಕೊಂಡು, ಇವರನ್ನು ನೋಡಿ "ಅಬು ಶುಭಾ! ತಫದ್ದಲ್, ತಫದ್ದಲ್" ಎಂದು ಒಳಗೆ ಕರೆದು ಕಾಫಿ ಸುರಿದ. ಇವರ ಕೈಯಲ್ಲಿ ಬಟ್ಟಲು ಅಲುಗಿತು. ಅಬು ಯೂಸುಫ್ ಬಟ್ಟಲನ್ನು ನೋಡಲಿಲ್ಲ, ಮುಖವನ್ನು ನೋಡಿದ. "ಬಸ್?" ಅಂದ. ಅರಬ್ಬಿಯಲ್ಲೂ ಬಸ್ ಅಂದರೆ ಸಾಕು. ಇವರು ತಲೆಯಲ್ಲಾಡಿಸಿ, "ಬಸ್ ನಹೀ" ಅಂದರು. ಅವನು ಪಕ್ಕದಲ್ಲಿ ಕೂತು, ತನ್ನ ಅಂಗೈಯನ್ನು ಬಟ್ಟಲಿನ ಕೆಳಗೆ ಹಿಡಿದ. ಇವರು ನಿಧಾನಕ್ಕೆ ಕುಡಿದು ಮುಗಿಸಿದರು. ಅವನು ಮತ್ತೆ ಸುರಿದ.

ಕೋಣೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅಬು ಯೂಸುಫ್ ಅದನ್ನು ತೆಗೆದು ತೋರಿಸಿದ. ಒಳಗೆ ಹುರಿಗಡಲೆಗಿಂತ ತುಸು ದೊಡ್ಡ ಕಲ್ಲಿನ ಹರಳುಗಳು, ಬಿಳಿ, ಇಟ್ಟಿಗೆ ಕೆಂಪು, ಹೊಗೆ ಬಣ್ಣ. ಮೂರು ಚಳಿಗಾಲದಿಂದ ಬಾಗಿಲ ಬಳಿ ನೀರು ನಿಲ್ಲುತ್ತಿದೆ, ಹರಳು ಸಡಿಲವಾಗಿ ಬರುತ್ತಿವೆ, ಬಂದದ್ದನ್ನೆಲ್ಲ ಪುರಾತತ್ವ ಇಲಾಖೆಯ ಇಂಜಿನಿಯರಮ್ಮನಿಗೆ ಕೊಡಲು ಎತ್ತಿಡುತ್ತಿದ್ದೇನೆ ಅಂದ. ಆಕೆಗೆ ನೋಡಿಕೊಳ್ಳಬೇಕಾದ ಪಾಳುಗಳು ಗುಡ್ಡಗುಡ್ಡಕ್ಕೂ ಇವೆಯಂತೆ, ಬರುವುದು ಅಪರೂಪವಂತೆ.

ಇವರು ಡಬ್ಬಿಯಿಂದ ಒಂದು ಹರಳನ್ನೂ ಮುಟ್ಟಲಿಲ್ಲ. ಎದ್ದು ಹೊರಗೆ ಹೋದರು. ಬಾಗಿಲಿದ್ದ ಕಡೆಯ ಹೊಸ್ತಿಲ ಕಲ್ಲಿನ ಮೇಲೆ ನಿಂತು ಒಳಗೆ ನೋಡಿದರು, ತಿರುಗಿ ಅಂಗಳ ನೋಡಿದರು. ಮತ್ತೆ ಒಳಗೆ, ಮತ್ತೆ ಹೊರಗೆ. ಮರಳು ಹೊಸ್ತಿಲಿನ ಹತ್ತಿರ ಮಾತ್ರ ಒದ್ದೆಯಾಗಿ ಕಪ್ಪಗಿತ್ತು. ಆಮೇಲೆ ಕೈ ಜೇಬಿನಿಂದ ಹೊರಗೆ ಬಂತು.

"ಶುಭಾ, ಅವನಿಗೆ ಹೇಳು. ಒಳಗಿನ ನೆಲ ಸಪಾಟು. ಮೇಲೆ ಸೂರು ಇತ್ತು, ವಾಟ ಬೇಕಾಗಿರ್ಲಿಲ್ಲ. ನೀರು ಬರುವುದು ಅಂಗಳದಿಂದ. ಅಂಗಳಕ್ಕೆ ಸೂರಿಲ್ಲ. ಆದ್ದರಿಂದ ಕಟ್ಟಿದವ ನೀರಿಗೆ ದಾರಿ ಬಿಟ್ಟೇ ಬಿಟ್ಟಿರ್ತಾನೆ. ಅದು ಎಲ್ಲೋ ಕಟ್ಟಿಕೊಂಡಿದೆ. ಹುಡುಕಬೇಕು, ಅಷ್ಟೆ."

ಎರಡು ವರ್ಷದಲ್ಲಿ ಇಷ್ಟು ಮಾತು ಒಟ್ಟಿಗೆ ಬಂದಿರಲಿಲ್ಲ.

"ಒಂದು ಬಕೆಟ್ ನೀರು ಬೇಕು" ಅಂದರು. ಶುಭಾ ಅನುವಾದ ಮಾಡುವ ಮೊದಲೇ ಅಬು ಯೂಸುಫನಿಗೆ ಅರ್ಥವಾಗಿತ್ತು. ಇವರು ಅಂಗಳದ ನಡುವೆ ಬಕೆಟ್ ಎತ್ತಿದರು. ನಡುಕಕ್ಕೆ ನೀರು ನಾಲ್ಕೂ ಕಡೆ ಚೆಲ್ಲಿತು. ಅಬು ಯೂಸುಫ್ ಬಂದು ಕೆಳಗಿನಿಂದ ಹಿಡಿದ. ಇಬ್ಬರೂ ಸೇರಿ ಸಣ್ಣ ಧಾರೆಯಾಗಿ ಸುರಿದರು. ನೀರು ಮೊದಲು ಯೋಚಿಸುವ ಹಾಗೆ ನಿಂತಿತು. ಆಮೇಲೆ ಚಪ್ಪಡಿಯ ಸಂದಿನಲ್ಲಿ ಹೊರಟು, ಎಡಕ್ಕೆ ತಿರುಗಿ, ಮುಳ್ಳುಗಿಡ ಬೆಳೆದ ಒಂದು ಮೂಲೆಯ ಕಡೆ ಹೋಯಿತು. ಇವರು ಮೊಣಕಾಲೂರಿ ಅದರ ಹಿಂದೆ ಹೋದರು. ಡಾಕ್ಟರು ಬಗ್ಗಿಸಲೇಬಾರದು ಎಂದಿದ್ದ ಮೊಣಕಾಲುಗಳು.

"ಇಲ್ಲಿ. ಇದರ ಅಡಿಗೆ."

ಅಬು ಯೂಸುಫ್ ಇಂಜಿನಿಯರಮ್ಮನಿಗೆ ಫೋನು ಮಾಡಿದ. ರೀಮ್ ಎಂದು ಅವಳ ಹೆಸರು. ಯಾರು ಆ ಮನುಷ್ಯ ಎಂದು ಕೇಳಿದಳಂತೆ. ಶುಭಾ ಫೋನು ತೆಗೆದುಕೊಂಡು, ಮುಂಬೈಯ ದೊಡ್ಡ ಟೆರೇಸ್ ಇಂಜಿನಿಯರ್ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಇವರಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. "ಸುಳ್ಳು ಹೇಳ್ಬೇಡ. ಮೇಸ್ತ್ರಿ ಅನ್ನು" ಅಂದರು. ಶುಭಾ ತಿದ್ದಿ ಹೇಳಿದಳು. ಆ ಕಡೆಯಿಂದ ಅಪ್ಪಣೆ ಬಂತು: ಮೊಸಾಯಿಕ್ ಮುಟ್ಟಬೇಡಿ, ಹಾರೆ ಪಿಕಾಸಿ ಬೇಡ, ಅಂಗಳದ ಮೂಲೆಯ ಕೆಸರನ್ನು ಕೈಯಲ್ಲಿ ತೆಗೆಯುವುದಾದರೆ ತೆಗೆಯಿರಿ.

ತೆಗೆದೆವು. ನಾಲ್ವರೂ. ಅಬು ಯೂಸುಫ್ ಬೋರಲು ಮಲಗಿ ಕೈ ಒಳಗೆ ತೂರಿಸಿ ಕೆಸರು ಕೊಟ್ಟ, ಶುಭಾ ಬೋಗುಣಿಯಲ್ಲಿ ತುಂಬಿದಳು, ಸೀರೆ ಎತ್ತಿ ಕಟ್ಟಿಕೊಂಡು ನಾನು ಬೇಲಿಯಾಚೆ ಚೆಲ್ಲಿದೆ. ಇವರು ಮೇಲೆ ಕೂತು "ಬಾಯೇ... ಥೋಡಾ ಬಾಯೇ... ಹ್ಞಾಂ, ಅಬ್ ನೀಚೇ" ಎಂದು ಮುಂಬೈ ಹಿಂದಿಯಲ್ಲಿ ಎಡಕ್ಕೆ, ಕೆಳಕ್ಕೆ ದಾರಿ ಹೇಳಿದರು. ಅಬು ಯೂಸುಫನಿಗೆ ಹಿಂದಿ ಬರುತ್ತಿರಲಿಲ್ಲ, ಆದರೂ ಒಂದು ಸಲವೂ ತಪ್ಪಲಿಲ್ಲ. ಬೇರು ಬಂತು, ಆಡಿನ ಹಿಕ್ಕೆ ಬಂತು, ಒಂದು ಕೋಲಾ ಡಬ್ಬಿ, ಯಾವುದೋ ಮಗುವಿನ ಚಪ್ಪಲಿ. ಮೂರು ಗಂಟೆಯ ಹೊತ್ತಿಗೆ ಕಲ್ಲಿನ ಕಾಲುವೆಯ ಕೊನೆಯಲ್ಲಿ ಮೊಳದಗಲದ ಒಂದು ತೂತು ಕಂಡಿತು. ಅಬು ಯೂಸುಫ್ ಅದರೊಳಗೆ ಒಂದು ಕಲ್ಲು ಬಿಟ್ಟ. ನಾವೆಲ್ಲ ತೂತಿನ ಕಡೆ ಕಿವಿಗೊಟ್ಟೆವು. ಒಳಗೆಲ್ಲೋ ಆಳದಲ್ಲಿ "ಬುಳಕ್" ಎಂದಿತು.

ಅಂಗಳದ ಕೆಳಗೆ ಕೊಳವಿತ್ತು. ಆ ಕಾಲದವರು ಮಳೆನೀರನ್ನು ಅದಕ್ಕೆ ಇಳಿಸಿ ವರ್ಷವಿಡೀ ಕುಡಿಯುತ್ತಿದ್ದರಂತೆ. "ನೋಡಿದ್ಯಾ? ಕಟ್ಟಿದವ ದಡ್ಡ ಅಲ್ಲ" ಅಂದರು ಇವರು, ತಮ್ಮ ಜೊತೆ ಕೆಲಸ ಮಾಡಿದವನ ಪರ ವಾದಿಸುವ ಹಾಗೆ.

ಬುಧವಾರ, ಮಳೆ

ಬುಧವಾರ ಬೆಳಿಗ್ಗೆ ಮಳೆ ಹಿಡಿಯಿತು. ನಮ್ಮ ಜುಲೈ ಮಳೆಯ ಹಾಗೆ ಅಬ್ಬರವಿಲ್ಲ, ಆದರೆ ಬಿಡುವುದೂ ಇಲ್ಲ. ಶುಭಾ ಕೆಲಸಕ್ಕೆ ಹೋಗಿದ್ದಳು. ಇವರು ಕಿಟಕಿಗೂ ಬಾಗಿಲಿಗೂ ನಡೆದರು. ಕೊನೆಗೆ ಜಾಕೆಟ್ ಹಾಕಿಕೊಂಡು, "ಬರ್ತೀಯಾ?" ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಟ್ಯಾಕ್ಸಿಯವನಿಗೆ ಏನು ಹೇಳುವುದು? ಚರ್ಚಿಗೆ ಅರಬ್ಬಿಯಲ್ಲಿ 'ಕನೀಸಾ' ಎನ್ನುತ್ತಾರೆ ಎಂದು ಕಲಿತಿದ್ದೆ. ಧೈರ್ಯವಾಗಿ "ಕನೀಸಾ, ಅಜ್ಲೂನ್" ಅಂದೆ. ಹಿಂದಿ ಸಿನಿಮಾದ ನಾಯಕರ ಹೆಸರುಗಳನ್ನು ಜಪದ ಹಾಗೆ ಹೇಳುತ್ತಾ ಅವನು ನಮ್ಮನ್ನು ಕರೆದೊಯ್ದು ಇಳಿಸಿದ್ದು ಒಂದು ಹೊಸ, ನಡೆಯುತ್ತಿರುವ ಚರ್ಚಿನ ಮುಂದೆ. ಒಳಗಿಂದ ಪಾದ್ರಿ ಓಡಿ ಬಂದರು. ಮಳೆಯಲ್ಲಿ ಸೀರೆಯುಟ್ಟು ಬಂದವಳನ್ನು ನೋಡಿ ಏನೋ ದೊಡ್ಡ ಕಷ್ಟವೇ ಇರಬೇಕು ಎಂದುಕೊಂಡರೋ ಏನೋ, ಕೂರಿಸಿ, ಎಳ್ಳಿನ ಬಿಸ್ಕತ್ತು ಕೊಟ್ಟು, ನಮ್ಮಿಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸಿದರು. ತಪ್ಪು ವಿಳಾಸ ಎನ್ನಲು ನಾಚಿಕೆಯಾಗಿ ಇಬ್ಬರೂ ತಲೆ ಬಗ್ಗಿಸಿ ಕೂತೆವು. ಆಮೇಲೆ ನಾನು ಕಾಗದದ ಮೇಲೆ ಮುರಿದ ಕಂಬಗಳ ಚಿತ್ರ ಬರೆದು ತೋರಿಸಿದೆ. ಪಾದ್ರಿಗಳು "ಆಹ್, ಅಬು ಯೂಸುಫ್!" ಎಂದು ಟ್ಯಾಕ್ಸಿಯವನಿಗೆ ದಾರಿ ಹೇಳಿದರು. ಕಾರಿನಲ್ಲಿ ಇವರು ಬಿಸ್ಕತ್ತು ಜಗಿಯುತ್ತಾ ಒಮ್ಮೆಲೆ ನಗಲು ಶುರುಮಾಡಿದರು. ನಾನೂ ನಕ್ಕೆ. ಟ್ಯಾಕ್ಸಿಯವನೂ ನಕ್ಕ, ಏಕೆಂದು ತಿಳಿಯದೆ.

ಅಬು ಯೂಸುಫ್ ಮಳೆಯಲ್ಲಿ ಅಂಗಳದ ನಡುವೆ ಛತ್ರಿ ಹಿಡಿದು ನಿಂತಿದ್ದ. ನಮ್ಮನ್ನು ನೋಡಿ ಆಶ್ಚರ್ಯಪಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕೇಳಿ ಎಂಬಂತೆ ನೆಲ ತೋರಿಸಿದ. ಕಾಲಡಿಯಲ್ಲಿ ಕೊಡ ತುಂಬುವ ಸದ್ದು. ಅಂಗಳದ ಅಷ್ಟೂ ನೀರು ಮೂಲೆಗೆ ಹರಿದು, ಕಾಲುವೆಗೆ ಇಳಿದು, ಕೊಳಕ್ಕೆ ಬೀಳುತ್ತಿತ್ತು. ಹೊಸ್ತಿಲಿನ ಒಳಗೆ ಮರಳು ಮಳೆಗೆ ನೆನೆದಿತ್ತು, ನೀರು ನಿಂತಿರಲಿಲ್ಲ. ಇವರು ಹೊಸ್ತಿಲ ಬಳಿ ಬಗ್ಗಿ ಅಂಗೈ ಒತ್ತಿ ನೋಡಿದರು. ಅಬು ಯೂಸುಫ್ ಛತ್ರಿ ಬಿಸಾಡಿ ಇವರನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಇವರು ಮರದ ಬೊಂಬೆಯ ಹಾಗೆ ಸೆಟೆದು ನಿಂತರು. ಆಮೇಲೆ ಏನನ್ನಿಸಿತೋ, ತಾವೂ ಅವನ ಕೆನ್ನೆಗೆ ಕೆನ್ನೆ ತಾಗಿಸಿದರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಇವರು ಯಾರ ಮುಂದೆಯೂ ಯಾರನ್ನೂ ಹಾಗೆ ಅಪ್ಪಿದ್ದನ್ನು ನಾನು ನೋಡಿರಲಿಲ್ಲ.

ಕೊನೆಯ ಶುಕ್ರವಾರ

ಹೊರಡಲು ಎರಡು ದಿನ ಇರುವಾಗ ಮತ್ತೆ ಆ ಚರ್ಚಿಗೆ ಹೋದೆವು, ಅಲ್ಲಿಗೆ ರೀಮ್ ಬಂದಳು. ಮೂವತ್ತೈದರ ಹುಡುಗಿ, ಮೊಣಕಾಲವರೆಗಿನ ರಬ್ಬರ್ ಬೂಟು. ಬಂದವಳೇ ನಮಗೆ ನಮಸ್ಕಾರವನ್ನೂ ಹೇಳದೆ ಅಂಗಳದ ಮೂಲೆಯಲ್ಲಿ ಬೋರಲು ಮಲಗಿ, ಟಾರ್ಚು ಹಾಕಿ ಕಾಲುವೆಯ ಉದ್ದಕ್ಕೂ ನೋಡಿದಳು. ಏನೋ ತಪ್ಪಾಗಿದೆ ಎಂದು ನನಗೆ ಭಯವಾಯಿತು. ಅವಳು ಎದ್ದು, ಕೆಸರಿನ ಕೈಯನ್ನು ಜಾಕೆಟ್ಟಿಗೆ ಒರೆಸಿ, ಇವರ ಮುಂದೆ ನಿಂತಳು. "ನಾವು ಒಳಗಿನ ನೆಲವನ್ನೇ ನೋಡುತ್ತಾ ಇದ್ದೆವು. ಹೊರಗೆ ನೋಡಲಿಲ್ಲ" ಅಂದಳು. ಶುಭಾ ಹಾಗೇ ತಿಳಿಸಿದಳು.

ಸಡಿಲವಾದ ಕಡೆ ಪರೀಕ್ಷಿಸಬೇಕೆಂದು ರೀಮ್ ಹೊಸ್ತಿಲ ಬಳಿ ಒಂದು ಚಾಪೆಯಗಲದ ಮರಳನ್ನು ಸರಿಸಿದಳು. ಬಟ್ಟೆ ಮಡಿಸಿದಳು. ಒದ್ದೆ ಸ್ಪಂಜಿನಿಂದ ಒಮ್ಮೆ ಎಳೆದಳು. ಮಂಕಾಗಿದ್ದ ನೆಲದಿಂದ ಬಣ್ಣ ಎದ್ದು ಬಂತು. ಅಂಚಿಗೆ ದ್ರಾಕ್ಷಿ ಬಳ್ಳಿ. ಬಳ್ಳಿಯ ಸುರುಳಿಯೊಳಗೆ ಒಂದು ಬುಟ್ಟಿ. ಪಕ್ಕದ ಸುರುಳಿಯಲ್ಲಿ ಹಕ್ಕಿಯ ಎರಡು ಕಾಲು, ಒಂದಿಷ್ಟು ಬಾಲ. ನಡುವೆ ಹಕ್ಕಿ ಇರಬೇಕಾದ ಕಡೆ ಬಣ್ಣದ ಹರಳುಗಳ ಗೋಜಲು.

"ಇದನ್ನು ಒಡೆದದ್ದಲ್ಲ" ಅಂದರು ಇವರು, ಅಂಚಿನಲ್ಲಿ ಮೊಣಕಾಲೂರಿ.

ರೀಮ್ ತಲೆಯೆತ್ತಿದಳು. ಹೌದು, ಕಟ್ಟಿ ಸುಮಾರು ಇನ್ನೂರು ವರ್ಷದ ನಂತರ, ಜೀವಿಗಳ ಚಿತ್ರ ಇರಬಾರದು ಎಂಬ ಭಾವನೆ ಬಂದಾಗ, ಇಲ್ಲಿ ಪ್ರಾರ್ಥಿಸುತ್ತಿದ್ದವರ ಕಾಲದಲ್ಲೇ ತೆಗೆದರು ಎನ್ನುತ್ತಾರೆ, ಅದೇ ಹರಳುಗಳನ್ನು ಕಲೆಸಿ ಮತ್ತೆ ತುಂಬಿದ್ದಾರೆ ಎಂದಳು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

"ಪಕ್ಕದ ಸಾಲು ನೋಡಿ. ಒಂದು ಹರಳೂ ಅಲುಗಾಡ್ಲಿಲ್ಲ. ಸಿಟ್ಟಿನಲ್ಲಿ ಒಡೆದ್ರೆ ಹೀಗಿರುದಿಲ್ಲ. ಇಷ್ಟು ಜೋಪಾನ ಮಾಡಿದವನಿಗೆ ತೆಗೀಲಿಕ್ಕೆ ಮನಸ್ಸಿರ್ಲಿಲ್ಲ. ಯಾರೋ ಹೇಳಿದ್ರು, ತೆಗ್ದ." ಸ್ವಲ್ಪ ತಡೆದು ಸೇರಿಸಿದರು, "ಹಕ್ಕಿಯನ್ನು ಬಿಸಾಡ್ಲಿಲ್ಲ, ಅಲ್ಲೇ ಇಟ್ಟಿದ್ದಾನೆ."

ಶುಭಾ ಅನುವಾದ ಮಾಡಿದಳು. ರೀಮ್ ನೋಟುಪುಸ್ತಕ ತೆಗೆದು ಬರೆದುಕೊಂಡಳು. ಆಮೇಲೆ ಅವಳೂ ಅಬು ಯೂಸುಫನೂ ಬಿಸ್ಕತ್ತಿನ ಡಬ್ಬಿ ಹಿಡಿದು ಸಡಿಲ ಹರಳುಗಳನ್ನು ಗುರುತು ಹಾಕಲು ಕೂತರು. ಶುಭಾ ಕಾರು ತಿರುಗಿಸಿ ನಿಲ್ಲಿಸಲು ಹೋದಳು. ಇವರು ಮಾತ್ರ ಅಂಚಿನಲ್ಲೇ ಇದ್ದರು. ಬಗ್ಗಿ ಬಗ್ಗಿ ನೋಡುತ್ತಿದ್ದರು. "ಇಲ್ಲಿವರೆಗೆ ಒಬ್ಬ... ಇಲ್ಲಿ ಕೈ ಬದಲಾಯ್ತು, ಹೊಸಬ ಬಂದ... ಇವನಿಗೆ ಸ್ವಲ್ಪ ಅವಸರ..." ಎಂದು ಯಾರಿಗೂ ಅಲ್ಲದೆ ಹೇಳಿಕೊಳ್ಳುತ್ತಿದ್ದರು. ನಾನೂ ಅದೇ ನೆಲ ನೋಡುತ್ತಿದ್ದೆ. ನನಗೆ ಬಳ್ಳಿ ಕಂಡಿತು, ಬುಟ್ಟಿ ಕಂಡಿತು. ಒಬ್ಬನೂ ಕಾಣಲಿಲ್ಲ, ಇಬ್ಬರೂ ಕಾಣಲಿಲ್ಲ. ಈ ಮನುಷ್ಯ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂರುವಾಗ ಪ್ರತಿ ದಿನವೂ ಇಷ್ಟೆಲ್ಲ ನೋಡಿ ಬಂದಿರುತ್ತಿದ್ದರು. ನಾನು ಒಂದು ದಿನವೂ ಇವತ್ತು ಏನು ಮಾಡಿದ್ರಿ ಎಂದು ಕೇಳಿರಲಿಲ್ಲ. ಶಾಲೆಯ ಮಕ್ಕಳ ಕಾಗುಣಿತದ ತಪ್ಪುಗಳನ್ನೇ ಹೇಳಿ ನಗಿಸಿದ್ದೆ.

ಪಕ್ಕದಲ್ಲಿ ಕೂತೆ. "ನನಗೂ ಹೇಳಿಕೊಡಿ" ಅಂದೆ.

"ಏನು?"

"ಇದನ್ನ. ನೀವು ನೋಡ್ತಿದ್ದೀರಲ್ಲ, ಅದನ್ನ."

"ನಿನಗ್ಯಾಕೆ ಈಗ ಇದು?"

"ಮೂವತ್ತೈದು ವರ್ಷ ಕೇಳ್ಲಿಲ್ಲ. ಈಗ ಕೇಳ್ತಿದ್ದೇನೆ."

ಇವರು ನನ್ನ ಮುಖ ನೋಡಿದರು. ತಮಾಷೆಯೋ ಎಂದು ಒಂದು ಕ್ಷಣ ಅನುಮಾನ. ಆಮೇಲೆ ರೀಮ್ ಕಡೆ ತಿರುಗಿ ನೆಲ ತೋರಿಸಿ, ನನ್ನ ಬೆರಳು ತೋರಿಸಿ, ಮುಟ್ಟಬಹುದೇ ಎಂದು ಕಣ್ಣಲ್ಲೇ ಕೇಳಿದರು. ಗಟ್ಟಿಯಿದ್ದ ಕಡೆಯ ಒಂದು ಗೇಣು ಜಾಗವನ್ನು ಅವಳು ತೋರಿಸಿದಳು.

"ಕಣ್ಣು ಮುಚ್ಚು" ಅಂದರು. ನನ್ನ ತೋರುಬೆರಳು ಹಿಡಿದು ನೆಲದ ಮೇಲಿಟ್ಟರು. ತಣ್ಣಗಿತ್ತು. ಮೇಲೆ ಅವರ ಕೈ, ನಡುಗುತ್ತಲೇ ಇತ್ತು. ಹಾಗಾಗಿ ನನ್ನ ಬೆರಳೂ ಹರಳಿನಿಂದ ಹರಳಿಗೆ ನಡುಗುತ್ತಾ ಹೋಯಿತು. "ಹೇಳು, ಹೊಸಬ ಎಲ್ಲಿಂದ ಶುರು ಮಾಡಿದ?"

"ಇಲ್ಲಿ."

"ಅಲ್ಲ."

"ಇಲ್ಲಿ?"

"ಅಲ್ಲ ಮಾರಾಯ್ತಿ. ಒತ್ತಬೇಡ. ಸುಮ್ಮನೆ ಬಿಡು, ಬೆರಳಿಗೇ ಗೊತ್ತಾಗ್ತದೆ."

ರಸ್ತೆಯಿಂದ ಶುಭಾ ಹಾರ್ನ್ ಮಾಡಿದಳು. ಮತ್ತೆ ಮಾಡಿದಳು. "ಇರು, ಬರ್ತೇವೆ" ಎಂದು ಕಣ್ಣು ಮುಚ್ಚಿಕೊಂಡೇ ಕೂಗಿದೆ. ಬೆರಳ ಕೆಳಗೆ ಸಾಲು ನೇರವಾಗಿ ಹೋಗುತ್ತಿತ್ತು. ಆಮೇಲೆ ಒಂದು ಕಡೆ ತುಸು ತಡವರಿಸಿತು, ಕೂದಲೆಳೆಯಷ್ಟು ಮೇಲೆದ್ದು, ಮತ್ತೆ ಸರಿಯಾಯಿತು.

"ಇಲ್ಲಿ" ಅಂದೆ.

ಈ ಸಲ ಇವರು ಅಲ್ಲ ಅನ್ನಲಿಲ್ಲ. ನನ್ನ ಬೆರಳನ್ನೆತ್ತಿ ಮುಂದಿನ ಸಾಲಿನ ಮೇಲಿಟ್ಟರು.